ಮನೆಯಲ್ಲೇ ಸಕ್ಕರೆ ಸ್ಕ್ರಬ್: ಯಾವ ಸಕ್ಕರೆ, ಯಾವ ಎಣ್ಣೆ, ಎಷ್ಟು ಉಜ್ಜಬೇಕು?

ಹದಡಿ ರಸ್ತೆ ಹುಡುಗಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯವರು, ದುರ್ಗದವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಚಳಿ ಬಂದ ಮೇಲೆ ಮೊಣಕೈ, ಮೊಣಕಾಲು, ಹಿಮ್ಮಡಿ ಎಲ್ಲಾ ಒರಟಾಗಿದೆ. ಉಗುರು ತಾಗಿದರೆ ಸಾಕು, ಬಿಳಿ ಗೆರೆ ಬೀಳುತ್ತದೆ. ಫೆಬ್ರವರಿಯಲ್ಲಿ ಅಕ್ಕನ ಮದುವೆ. ಅಂಗಡಿಯಲ್ಲಿ ಸ್ಕ್ರಬ್ ಡಬ್ಬಿಯ ಬೆಲೆ ನೋಡಿ ವಾಪಸ್ ಇಟ್ಟು ಬಂದೆ. ಆ ದುಡ್ಡಿಗೆ ತಿಂಗಳ ಸಕ್ಕರೆ ಬರುತ್ತದೆ.

ಮನೆಯಲ್ಲೇ ಮಾಡೋಣ ಅಂತ ವಿಡಿಯೋ ನೋಡಿದರೆ ತಲೆ ಕೆಟ್ಟಿತು. ಒಬ್ಬರು ನಿಂಬೆರಸ ಹಾಕಿ ಅಂತಾರೆ, ಒಬ್ಬರು ಅಡುಗೆ ಸೋಡಾ, ಇನ್ನೊಬ್ಬರು ಕಾಫಿ ಪುಡಿ. ಸಕ್ಕರೆ ಎಷ್ಟು, ಎಣ್ಣೆ ಎಷ್ಟು? ಮುಖಕ್ಕೂ ಹಚ್ಚಬಹುದಾ? ಮಾಡಿಟ್ಟರೆ ಕೆಡುತ್ತದಾ? ನಿಜವಾಗಿ ಮಾಡಿ ನೋಡಿದವರು ಹೇಳಿ.

ಬೆಣ್ಣೆದೋಸೆ ಭಕ್ತ
ಸಕ್ಕರೆ ಆಯಿತು, ಎಣ್ಣೆ ಆಯಿತು. ಒಂದು ಹಿಡಿ ರವೆ ಹಾಕಿ, ಒಲೆ ಹಚ್ಚಿ. ಕೇಸರಿಬಾತ್ ರೆಡಿ.

ಪಾರ್ಲರ್ ಅಕ್ಕ
ತಮಾಷೆ ಆಮೇಲೆ ಮಾಡಿ ತಮ್ಮಾ, ಹುಡುಗಿ ಪಾಪ ಸೀರಿಯಸ್ ಆಗಿ ಕೇಳಿದ್ದಾಳೆ.

ನೋಡಮ್ಮ, ಲೆಕ್ಕ ಸುಲಭ. ಎರಡು ಪಾಲು ಸಕ್ಕರೆ, ಒಂದು ಪಾಲು ಕೊಬ್ಬರಿ ಎಣ್ಣೆ. ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ಎಣ್ಣೆ. ಚಮಚದಿಂದ ಎತ್ತಿದರೆ ಒದ್ದೆ ಮರಳಿನ ಹಾಗೆ ನಿಲ್ಲಬೇಕು, ಸುರಿಯಬಾರದು. ಈಗ ಚಳಿಗೆ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ, 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹೆಪ್ಪುಗಟ್ಟುವುದೇ. ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಿ, ಆರಿದ ಮೇಲೆ ಸಕ್ಕರೆ ಬೆರೆಸು. ಏಪ್ರಿಲ್‌ನಲ್ಲಿ ಮಾಡಿದರೆ ಉಲ್ಟಾ. ನಮ್ಮೂರ ಬಿಸಿಲಿಗೆ ಎಣ್ಣೆ ಮೇಲೆ ತೇಲುತ್ತದೆ, ಸಕ್ಕರೆ ತಳಕ್ಕೆ ಕೂರುತ್ತದೆ. ಆಗ ಒಂದೆರಡು ಚಮಚ ಸಕ್ಕರೆ ಜಾಸ್ತಿ ಹಾಕಿ ಕಲಸಿಕೊಂಡರೆ ಸರಿ.

ಹಚ್ಚುವ ರೀತಿ ಮುಖ್ಯ. ಮೊದಲು ಮೈ ಒದ್ದೆ ಮಾಡಿಕೊಳ್ಳಬೇಕು. ಒಣಗಿದ ಚರ್ಮಕ್ಕೆ ಸಕ್ಕರೆ ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ. ಬೆರಳ ತುದಿಯಲ್ಲಿ ಸುತ್ತಿಸುತ್ತಾ, ಒತ್ತದೆ, ಒಂದು ಜಾಗಕ್ಕೆ ಅರ್ಧ ಒಂದು ನಿಮಿಷ. ನೀರು ತಾಗಿ ಹರಳು ಕರಗುತ್ತಾ ಹೋಗುತ್ತದೆ, ಕರಗಿದ ಮೇಲೆ ಬಿಟ್ಟುಬಿಡು. ವಾರಕ್ಕೆ ಒಂದು ಸಲ ಸಾಕು, ಹಿಮ್ಮಡಿಗೆ ಬೇಕಾದರೆ ಎರಡು ಸಲ. ಮುಖಕ್ಕೆ ಬೇಡ.

ವಿದ್ಯಾನಗರದ ಅಜ್ಜಿ
ತಿನ್ನುವ ಸಕ್ಕರೆಯನ್ನು ಮೈಗೆ ತಿಕ್ಕಿ ಬಚ್ಚಲಿಗೆ ಬಿಡುವುದಾ? ರೇಷನ್ ಅಂಗಡಿ ಮುಂದೆ ಸಕ್ಕರೆಗೆ ಸಾಲು ನಿಂತವರು ನಾವು. ಮನೆಯಲ್ಲಿ ಕಡಲೆಹಿಟ್ಟು ಇಲ್ವಾ? ಹೆಸರುಹಿಟ್ಟು ಇಲ್ವಾ? ಹಿಂದಿನ ರಾತ್ರಿ ಹರಳೆಣ್ಣೆ ಹಚ್ಚಿ, ಬೆಳಿಗ್ಗೆ ಸೀಗೆಪುಡಿ ಕಡಲೆಹಿಟ್ಟು ಕಲಸಿ ತಿಕ್ಕಿದರೆ ಯಾವ ಸ್ಕ್ರಬ್ಬೂ ಬೇಡ. ಹೀರೇಕಾಯಿ ಬಲಿತು ಒಣಗಿದರೆ ನಾರು ಬರುತ್ತಲ್ಲ, ಅದರಲ್ಲೇ ನಮ್ಮ ಮೈ ಉಜ್ಜುತ್ತಿದ್ದರು.

ಕೋಟೆ ಕೆಳಗಿನವ
ಅಜ್ಜೀ, ಕಡಲೆಹಿಟ್ಟೂ ತಿನ್ನುವುದೇ ಅಲ್ವಾ? ಮಿರ್ಚಿ ಯಾವುದರಲ್ಲಿ ಮಾಡುತ್ತಾರೆ 😀

ವಿದ್ಯಾನಗರದ ಅಜ್ಜಿ
ಬಾಯಿ ಜೋರು ನಿನಗೆ. ಕಡಲೆಹಿಟ್ಟು ಎಣ್ಣೆಯ ಜಿಡ್ಡು ತೆಗೆಯುತ್ತದೆ. ನಿನ್ನ ಸಕ್ಕರೆ ತೆಗೆಯುತ್ತದಾ?

ಔಷಧಿ ಅಂಗಡಿ
ಇಬ್ಬರೂ ಸರಿ. ಅಜ್ಜಿ ಹೇಳಿದ ಹಿಟ್ಟು ಜಿಡ್ಡು ಹೀರುತ್ತದೆ, ನಯವಾಗಿಯೂ ಉಜ್ಜುತ್ತದೆ. ಆದರೆ ಈಗಾಗಲೇ ಒಣಗಿದ ಚರ್ಮಕ್ಕೆ ಬರೀ ಹಿಟ್ಟು ತಿಕ್ಕಿದರೆ ಇನ್ನೂ ಬಿಗಿಯುತ್ತದೆ. ಅವರ ಕಾಲದಲ್ಲಿ ಹಿಂದಿನ ರಾತ್ರಿಯೇ ಎಣ್ಣೆ ಹಚ್ಚುತ್ತಿದ್ದರು, ಗುಟ್ಟು ಅಲ್ಲಿದೆ. ಸಕ್ಕರೆ ಸ್ಕ್ರಬ್‌ನಲ್ಲಿ ಎಣ್ಣೆ ಜೊತೆಗೇ ಇರುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಕೇಳಿದ ಬೇರೆ ಪ್ರಶ್ನೆಗಳು. ನಿಂಬೆರಸ ಬೇಡವೇ ಬೇಡ. ಅದು ತುಂಬಾ ಹುಳಿ, ಸ್ಕ್ರಬ್ ಮಾಡಿದ ಚರ್ಮಕ್ಕೆ ಉರಿ ಹತ್ತುತ್ತದೆ. ಅದಕ್ಕಿಂತ ಕೆಟ್ಟದ್ದು ಬಿಸಿಲು. ನಿಂಬೆರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಕೆಂಪಾಗಿ ಗುಳ್ಳೆ ಏಳಬಹುದು, ಆಮೇಲೆ ಕಂದು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಮದುವೆ ಮುಂದಿಟ್ಟುಕೊಂಡು ಅದು ಬೇಕಾ? ಅಡುಗೆ ಸೋಡಾ ಇದರ ಉಲ್ಟಾ, ಕ್ಷಾರ. ನಮ್ಮ ಚರ್ಮ ಇರುವುದೇ ಸ್ವಲ್ಪ ಆಮ್ಲದ ಕಡೆಗೆ. ಸೋಡಾ ಅದನ್ನು ಕೆಡಿಸಿ ಇನ್ನಷ್ಟು ಒಣಗಿಸುತ್ತದೆ.

ಮುಖಕ್ಕೆ ಬೇಡ ಅಂದ ಪಾರ್ಲರ್ ಅಕ್ಕನ ಮಾತಿಗೆ ನನ್ನ ಸಹಿ. ಹರಳು ದೊಡ್ಡದು, ಮೂಲೆ ಚೂಪು. ಮೊಡವೆ ಇರುವವರಿಗಂತೂ ಉಜ್ಜುವುದರಿಂದ ಉರಿ, ಕೆಂಪು ಜಾಸ್ತಿ. ಕೊಬ್ಬರಿ ಎಣ್ಣೆ ಮುಖದ ರಂಧ್ರ ಮುಚ್ಚುವುದೂ ಉಂಟು.

ಹದಡಿ ರಸ್ತೆ ಹುಡುಗಿ
ಅಯ್ಯೋ, ನಿಂಬೆಹಣ್ಣು ತಂದಿಟ್ಟಿದ್ದೆ. ಪಾನಕ ಮಾಡಿ ಕುಡಿಯುತ್ತೇನೆ. ಥ್ಯಾಂಕ್ಸ್ ಸರ್. ತುಟಿಗಾದರೂ ಹಚ್ಚಬಹುದಾ?

ಪಾರ್ಲರ್ ಅಕ್ಕ
ತುಟಿಗೆ ಸಕ್ಕರೆಯನ್ನು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ಸಣ್ಣ ಮಾಡಿಕೊಂಡು, ನಾಲ್ಕು ಹನಿ ತುಪ್ಪದಲ್ಲಿ ಕಲಸಿ, ಹಗುರಾಗಿ. ಒಡೆದು ರಕ್ತ ಜಿನುಗುತ್ತಿದ್ದರೆ ಬರೀ ತುಪ್ಪ, ಸಕ್ಕರೆ ಬೇಡ.

ಚಳ್ಳಕೆರೆ ಶೇಂಗಾ
ಕೊಬ್ಬರಿ ಎಣ್ಣೆ ಯಾಕ್ರೀ? ನಮ್ಮ ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರೇ ಇದೆ. ಗಾಣದ ಶೇಂಗಾ ಎಣ್ಣೆ ಹಾಕಿ ನೋಡಿ. ಚಳಿಗೆ ಗಟ್ಟಿಯಾಗಲ್ಲ.

ಹೊಸದುರ್ಗ ತೆಂಗು
ಬಂತಪ್ಪ ಶೇಂಗಾ ಪಾರ್ಟಿ. ಮೈಗೆ ಹಚ್ಚಿಕೊಂಡು ಮದುವೆಗೆ ಹೋದರೆ ಒಗ್ಗರಣೆ ವಾಸನೆ ಬರುತ್ತದೆ ಅಷ್ಟೇ. ತೆಂಗಿಗೆ ಸಮ ಯಾವುದೂ ಇಲ್ಲ.

ಚಳ್ಳಕೆರೆ ಶೇಂಗಾ
ನಿಮ್ಮ ಕೊಬ್ಬರಿ ಎಣ್ಣೆಗೆ ವಾಸನೆ ಇಲ್ವಾ? ಬಸ್ಸಿನಲ್ಲಿ ಪಕ್ಕ ಕೂತರೆ ಗೊತ್ತಾಗುತ್ತದೆ.

ಔಷಧಿ ಅಂಗಡಿ
ಜಗಳ ಬೇಡ. ಎರಡೂ ಆಗುತ್ತದೆ. ಎಳ್ಳೆಣ್ಣೆ, ಸೂರ್ಯಕಾಂತಿ, ಬಾದಾಮಿ ಎಣ್ಣೆ, ಎಲ್ಲವೂ ನಡೆಯುತ್ತದೆ. ಶೇಂಗಾ ಅಲರ್ಜಿ ಇರುವವರು ಗಾಣದ ಶೇಂಗಾ ಎಣ್ಣೆ ಮುಟ್ಟಬಾರದು, ಅದೊಂದು ನೆನಪಿರಲಿ. ಯಾವ ಎಣ್ಣೆಯಾದರೂ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಕುಕ್ಕುವಾಡ ಕಬ್ಬು
ಎಣ್ಣೆ ಬಗ್ಗೆ ಇಷ್ಟು ಜಗಳ, ಸಕ್ಕರೆ ಬಗ್ಗೆ ಯಾರೂ ಮಾತಾಡಲಿಲ್ಲ. ಕಬ್ಬು ಬೆಳೆಯುವವನು ನಾನು, ಕುಕ್ಕುವಾಡದ ಸಕ್ಕರೆ ಕಾರ್ಖಾನೆ ನಮಗೆ ಹತ್ತಿರ. ಸಕ್ಕರೆಯಲ್ಲಿ ಹರಳಿನ ಗಾತ್ರದ ಮೇಲೆ ಎಲ್, ಎಂ, ಎಸ್ ಅಂತ ದರ್ಜೆ ಇದೆ. ಎಲ್ ದಪ್ಪ, ಎಂ ಮಧ್ಯಮ, ಎಸ್ ಸಣ್ಣ. ಕಿರಾಣಿ ಅಂಗಡಿಯಲ್ಲಿ ಸಣ್ಣ ಸಕ್ಕರೆ ಕೊಡಿ ಅಂತ ಕೇಳಿ, ಮೈಗೆ ಅದೇ ಒಳ್ಳೆಯದು. ದಪ್ಪ ಸಕ್ಕರೆ ಹಿಮ್ಮಡಿಗೆ ಮಾತ್ರ. ಅದನ್ನೂ ಎರಡು ಸುತ್ತು ಕುಟ್ಟಿಕೊಂಡರೆ ಒಳ್ಳೆಯದು.

ಕಂದು ಸಕ್ಕರೆ ಅಂತ ಸೂಪರ್ ಮಾರ್ಕೆಟಿನಲ್ಲಿ ಜಾಸ್ತಿ ರೇಟಿಗೆ ಮಾರುತ್ತಾರೆ. ಅದರಲ್ಲಿ ಕಾಕಂಬಿ ಅಂಶ ಇರುತ್ತದೆ, ಅದಕ್ಕೇ ಬಣ್ಣ, ಅದಕ್ಕೇ ಮೆತ್ತಗೆ. ಮೈಗೆ ಹಿತ ಅನ್ನುವುದು ನಿಜ. ಅಷ್ಟಕ್ಕೆ ಅಷ್ಟು ದುಡ್ಡು ಕೊಡುವ ಅಗತ್ಯ ಇಲ್ಲ.

ಹರಿಹರದ ಹೊಳೆದಂಡೆ
ಅಣ್ಣಾ, ಬೆಲ್ಲ ಹಾಕಬಹುದಾ? ಮನೆಯಲ್ಲಿ ಪೆಂಟಿಗಟ್ಟಲೆ ಇದೆ.

ಕುಕ್ಕುವಾಡ ಕಬ್ಬು
ಬೆಲ್ಲದಲ್ಲಿ ಹರಳು ಸರಿಯಾಗಿ ಇರಲ್ಲ. ಎಣ್ಣೆಯಲ್ಲಿ ಅಂಟು ಅಂಟು ಮುದ್ದೆ. ಹೋಳಿಗೆ ಮಾಡಿ, ನನ್ನನ್ನೂ ಕರೆಯಿರಿ.

ನೀರಿನ ತಲೆನೋವು
ಸಕ್ಕರೆಯಲ್ಲಿ ಗ್ಲೈಕೋಲಿಕ್ ಆಸಿಡ್ ಇದೆ, ಅದು ಸತ್ತ ಚರ್ಮವನ್ನು ತಾನೇ ಕರಗಿಸುತ್ತದೆ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಹಚ್ಚಿಕೊಂಡು ಅರ್ಧ ಗಂಟೆ ಕೂರಬೇಕಂತೆ. ಯಾರಾದರೂ ಮಾಡಿದ್ದೀರಾ?

ಔಷಧಿ ಅಂಗಡಿ
ಕೂರಬೇಡಿ, ಇರುವೆ ಬರುತ್ತದೆ. ಗ್ಲೈಕೋಲಿಕ್ ಆಸಿಡ್ ಕಬ್ಬಿನಲ್ಲಿ ಇರುವುದು ಹೌದು. ನಾವು ಚಹಾಕ್ಕೆ ಹಾಕುವ ಬಿಳಿ ಸಕ್ಕರೆ ಶುದ್ಧ ಮಾಡಿದ ಸುಕ್ರೋಸ್. ಅದರಿಂದ ಆಸಿಡ್ ಕೆಲಸ ಆಗಲ್ಲ. ಸ್ಕ್ರಬ್ ಮಾಡುವುದು ಬರೀ ಉಜ್ಜುವ ಕೆಲಸ. ಮೇಲಿನ ಸತ್ತ ಪದರ ಹೋಗುತ್ತದೆ, ಎಣ್ಣೆ ಸ್ವಲ್ಪ ಉಳಿಯುತ್ತದೆ, ಕೈಗೆ ನಯ ಅನ್ನಿಸುತ್ತದೆ. ಚರ್ಮ ಸುಮಾರು 28 ದಿನಕ್ಕೊಮ್ಮೆ ತಾನೇ ಹೊಸದಾಗುತ್ತದೆ, ವಯಸ್ಸಾದಂತೆ ನಿಧಾನ. ದಿನಾ ಉಜ್ಜಿದರೆ ಬೇಗ ಹೊಸದು ಬರುತ್ತದೆ ಅನ್ನುವುದು ಸುಳ್ಳು, ಹುಣ್ಣು ಬರುತ್ತದೆ.

ಕೋಟೆ ಕೆಳಗಿನವ
ಇರುವೆ ಅಂದಿರಲ್ಲ ಸರ್, ಅದೇ ನಮ್ಮ ಮನೆ ಕಥೆ. ನನ್ನ ತಂಗಿ ಸ್ಕ್ರಬ್ ಮಾಡಿ ಬಚ್ಚಲಿನ ಕಿಟಕಿಯಲ್ಲಿ ಇಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಕಿಟಕಿಯಿಂದ ಗೋಡೆ, ಗೋಡೆಯಿಂದ ಹಿತ್ತಲು, ಉದ್ದಕ್ಕೂ ಕೆಂಪು ಸಾಲು. ಅಪ್ಪ ಸ್ನಾನಕ್ಕೆ ಹೋಗಿ ಹೋದಷ್ಟೇ ಬೇಗ ಈಚೆ ಬಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಸ್ಕ್ರಬ್ ಅನ್ನುವ ಮಾತೇ ಎತ್ತುವಂತಿಲ್ಲ.

ಮಂಡಿಪೇಟೆ ಸೊಸೆ
ತಿರುಪು ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ, ಒಂದು ತಟ್ಟೆಯಲ್ಲಿ ನೀರು ಹಾಕಿ ನಡುವೆ ಇಡಿ. ಬಚ್ಚಲಲ್ಲಿ ಇಡಲೇಬೇಡಿ, ಅಡುಗೆಮನೆ ಕಪಾಟಿನಲ್ಲಿ ಇಟ್ಟು ಬೇಕಾದಷ್ಟು ಒಣ ಚಮಚದಲ್ಲಿ ಬಟ್ಟಲಿಗೆ ತೆಗೆದುಕೊಂಡು ಹೋಗಿ. ಒದ್ದೆ ಕೈ ಹಾಕಿದರೆ ಮುಗಿಯಿತು.

ಔಷಧಿ ಅಂಗಡಿ
ಇದು ಸರಿಯಾದ ಮಾತು. ಎಣ್ಣೆ ಸಕ್ಕರೆ ಎರಡರಲ್ಲೂ ನೀರಿಲ್ಲ, ಅದಕ್ಕೇ ಬೇಗ ಕೆಡಲ್ಲ. ನೀರು ಬಿದ್ದ ಕಡೆ ಸಕ್ಕರೆ ತೆಳು ಪಾಕ ಆಗುತ್ತದೆ, ಅಲ್ಲಿ ಬೂಷ್ಟು, ಹುದುಗು ಎಲ್ಲಾ ಬರುತ್ತದೆ. ಅಲೋವೆರಾ ತಿರುಳು, ಮೊಸರು, ರೋಸ್ ವಾಟರ್, ಹಾಲಿನ ಕೆನೆ ಹಾಕುವವರು ಆಗಲೇ ಮಾಡಿ ಆಗಲೇ ಮುಗಿಸಿ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಕೆಡಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಎಣ್ಣೆ ಕಮಟು ಹಿಡಿಯುವುದನ್ನು ನಿಧಾನ ಮಾಡುತ್ತದೆ, ಬೂಷ್ಟನ್ನು ತಡೆಯಲ್ಲ.

ಹಾಸ್ಟೆಲ್ ಹುಡುಗಿ
ಒಂದು ಎಚ್ಚರಿಕೆ. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬಳು ಸ್ಕ್ರಬ್ ಮಾಡಿಕೊಂಡು ಹೋದ ಮೇಲೆ ಹಿಂದೆ ಹೋದವಳು ಜಾರಿ ಬಿದ್ದು ಕೈಗೆ ಪಟ್ಟಿ. ಎಣ್ಣೆ ನೆಲಕ್ಕೆ ಅಂಟಿರುತ್ತದೆ. ಆದ ಮೇಲೆ ಬಿಸಿನೀರು, ಸೋಪಿನ ಪುಡಿ ಹಾಕಿ ನೆಲ ತೊಳೆಯಿರಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ತಪ್ಪದೆ.

ಗ್ಯಾರೇಜ್ ಮಾಮ
ನೀವೆಲ್ಲ ಈಗ ಕಂಡುಹಿಡಿದಿದ್ದೀರಿ. ಗ್ಯಾರೇಜಿನಲ್ಲಿ ನಾವು ಹುಡುಗರಾಗಿದ್ದಾಗಿನಿಂದ ಮಾಡುತ್ತಿದ್ದೇವೆ. ಕೈಗೆ ಹಿಡಿದ ಗ್ರೀಸು ಸೋಪಿಗೆ ಬಗ್ಗಲ್ಲ. ಒಂದು ಚಮಚ ಸಕ್ಕರೆ, ಸ್ವಲ್ಪ ಅಡುಗೆ ಎಣ್ಣೆ ಹಾಕಿ ತಿಕ್ಕಿ, ಆಮೇಲೆ ಪಾತ್ರೆ ತೊಳೆಯುವ ಸೋಪು. ಉಗುರಿನ ಸಂದಿಯ ಕಪ್ಪು ಕೂಡ ಬರುತ್ತದೆ. ಸೀಮೆಎಣ್ಣೆಯಲ್ಲಿ ಕೈ ತೊಳೆದು ಚರ್ಮ ಬಿರಿದುಕೊಂಡವರನ್ನು ಬಹಳ ನೋಡಿದ್ದೇನೆ. ಚಹಾದ ಸಕ್ಕರೆ ಡಬ್ಬಿ ಬೇಗ ಖಾಲಿಯಾಗುತ್ತದೆ ಅಂತ ಮಾಲೀಕರು ಬೈಯುತ್ತಿದ್ದರು, ಅಷ್ಟೇ ತೊಂದರೆ.

ಬೆಣ್ಣೆದೋಸೆ ಭಕ್ತ
ಮಾಮ, ಈ ಥ್ರೆಡ್‌ನಲ್ಲಿ ನನಗೆ ಉಪಯೋಗ ಆದ ಮೊದಲ ಪೋಸ್ಟ್ ನಿಮ್ಮದು.

ನೀರಿನ ತಲೆನೋವು
ದುರ್ಗದ ಬೋರ್‌ವೆಲ್ ನೀರಿನ ಬಗ್ಗೆ ಯಾರಾದರೂ ಹೇಳ್ರೀ. ಸೋಪು ನೊರೆಯೇ ಬರಲ್ಲ, ಬಕೆಟ್ ತುಂಬಾ ಬಿಳಿ ಕರೆ. ಎಷ್ಟು ಸ್ಕ್ರಬ್ ಮಾಡಿದರೂ ಮಾರನೇ ದಿನ ಮೈ ಒರಟು.

ಔಷಧಿ ಅಂಗಡಿ
ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಸೋಪು ಅದರ ಜೊತೆ ಸೇರಿ ಕರಗದ ಪೊರೆ ಆಗುತ್ತದೆ, ಬಕೆಟ್ಟಿಗೂ ಅಂಟುತ್ತದೆ, ಮೈಗೂ ಅಂಟುತ್ತದೆ. ಸೋಪು ಕಡಿಮೆ ಹಾಕಿ, ಕಂಕುಳು ತೊಡೆಸಂದಿಗೆ ಸಾಕು. ಹಂಡೆಯ ಸುಡುನೀರು ಬಿಟ್ಟು ಉಗುರು ಬೆಚ್ಚಗಿನ ನೀರು. ಸ್ನಾನ ಮುಗಿದು ಮೈ ಇನ್ನೂ ಸ್ವಲ್ಪ ತೇವ ಇರುವಾಗಲೇ ಎಣ್ಣೆಯೋ ವ್ಯಾಸಲಿನ್ನೋ ಕ್ರೀಮೋ ಹಚ್ಚಿ. ನನ್ನ ಕೇಳಿದರೆ ನೂರಕ್ಕೆ ಎಂಬತ್ತು ಕೆಲಸ ಇದೇ ಮಾಡುತ್ತದೆ. ಸ್ಕ್ರಬ್ ವಾರಕ್ಕೊಮ್ಮೆಯ ಮಾತು, ಇದು ದಿನಾ.

ಎಂಸಿಸಿ ಬಿ ಬ್ಲಾಕ್
ನನಗೆ ತೋಳಿನ ಹಿಂಭಾಗ ಸಣ್ಣ ಸಣ್ಣ ಗುಳ್ಳೆ, ಮುಟ್ಟಿದರೆ ಉಪ್ಪುಕಾಗದ. ಕಾಲೇಜಿನಿಂದ ಇದೆ. ಸಕ್ಕರೆಯಲ್ಲಿ ಉಜ್ಜಿ ಉಜ್ಜಿ ಕೆಂಪಾಯಿತೇ ಹೊರತು ಹೋಗಲಿಲ್ಲ.

ಔಷಧಿ ಅಂಗಡಿ
ನೋಡದೆ ಹೇಳುವುದು ಕಷ್ಟ, ಆದರೆ ವಿವರ ಕೇಳಿದರೆ ಕೆರಟೋಸಿಸ್ ಪಿಲಾರಿಸ್ ಇರಬಹುದು. ಕೂದಲಿನ ಬುಡದಲ್ಲಿ ಕೆರಟಿನ್ ಗಂಟಾಗಿ ಕೂರುವುದು. ಬಹಳ ಜನಕ್ಕೆ ಇರುತ್ತದೆ, ಅಂಟುರೋಗ ಅಲ್ಲ. ಉಜ್ಜಿದಷ್ಟೂ ರೇಗುತ್ತದೆ. ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಇರುವ ಕ್ರೀಮು ಮೆತ್ತಗೆ ಮಾಡುತ್ತದೆ. ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ.

ಮಂಡಿಪೇಟೆ ಸೊಸೆ
ನಮ್ಮ ಅತ್ತೆಯವರ ಕುತ್ತಿಗೆ ಹಿಂದೆ ಕಪ್ಪು. ಕೊಳೆ ಅಂತ ಅವರು ಸಕ್ಕರೆ, ನಿಂಬೆ, ಹೀರೇನಾರು ಎಲ್ಲಾ ಹಾಕಿ ತಿಕ್ಕುತ್ತಾರೆ. ಹೋಗುತ್ತಲೇ ಇಲ್ಲ.

ಔಷಧಿ ಅಂಗಡಿ
ಮೇಡಂ, ಕಪ್ಪಾಗಿ ದಪ್ಪಗೆ, ಮಖಮಲ್ಲಿನಂತೆ ಇದ್ದರೆ ಅದು ಕೊಳೆ ಅಲ್ಲದಿರಬಹುದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕುತ್ತಿಗೆ, ಕಂಕುಳಲ್ಲಿ ಹಾಗೆ ಆಗುತ್ತದೆ. ತಿಕ್ಕುವುದನ್ನು ನಿಲ್ಲಿಸಿ, ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಶುಗರ್ ಇರುವವರು ಕಾಲಿಗೂ ಸ್ಕ್ರಬ್ ಮಾಡಬಾರದು. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗೀರು ಬಿದ್ದದ್ದೇ ಗೊತ್ತಾಗಲ್ಲ, ಗಾಯ ಬೇಗ ಮಾಯಲ್ಲ.

ಮಂಡಿಪೇಟೆ ಸೊಸೆ
ಸೋಮವಾರವೇ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಹೇಳಿದರೆ ಬೈಯುತ್ತಾರೆ, ನಮ್ಮ ಯಜಮಾನರಿಂದ ಹೇಳಿಸುತ್ತೇನೆ.

ಹೊಸ ಐಡಿ
ಇದನ್ನು ಹಚ್ಚಿದರೆ ಮದುವೆ ಹೊತ್ತಿಗೆ ಬೆಳ್ಳಗಾಗಬಹುದಾ?

ಪಾರ್ಲರ್ ಅಕ್ಕ
ಇಲ್ಲ. ಮೇಲಿನ ಒಣ ಪದರ ಹೋದರೆ ಸ್ವಲ್ಪ ಹೊಳಪು ಕಾಣುತ್ತದೆ. ಮೈಬಣ್ಣ ಬದಲಾಗಲ್ಲ, ಬದಲಾಗಬೇಕಾಗಿಯೂ ಇಲ್ಲ. ಬೆಳ್ಳಗಾಗುವುದಕ್ಕೆ ಅಂತ ಹೆಸರಿಲ್ಲದ ಕ್ರೀಮು ಹಚ್ಚಿ ಮುಖ ಕೆಡಿಸಿಕೊಂಡು ನನ್ನ ಹತ್ತಿರ ಬರುವವರನ್ನು ನೋಡಿ ಬೇಜಾರಾಗಿದೆ.

ಹೊಸ ಐಡಿ
ಸುಮ್ನೆ ಕೇಳಿದೆ ಅಕ್ಕ, ಸಿಟ್ಟಾಗಬೇಡಿ.

ಪಾರ್ಲರ್ ಅಕ್ಕ
ಸಿಟ್ಟು ನಿನ್ನ ಮೇಲಲ್ಲಮ್ಮ.

ಹಾಸ್ಟೆಲ್ ಹುಡುಗಿ
ಅಕ್ಕ, ಸಕ್ಕರೆ ನಿಂಬೆ ನೀರು ಕುದಿಸಿ ವ್ಯಾಕ್ಸ್ ಮಾಡುತ್ತಾರಲ್ಲ, ಅದೂ ಇದೂ ಒಂದೇನಾ?

ಪಾರ್ಲರ್ ಅಕ್ಕ
ಅಲ್ಲ. ಅದು ಗಟ್ಟಿ ಪಾಕ, ಕೂದಲು ಕೀಳುವುದಕ್ಕೆ. ಹದ ತಪ್ಪಿದರೆ ಒಂದೋ ಅಂಟಲ್ಲ, ಇಲ್ಲಾ ಬಿಡಲ್ಲ. ಬಿಸಿ ಪಾಕ ಮೈಮೇಲೆ ಸುರಿದುಕೊಂಡರೆ ಗುಳ್ಳೆ ಏಳುತ್ತದೆ, ಮನೆಯಲ್ಲಿ ಒಬ್ಬಳೇ ಮಾಡಬೇಡ. ಇನ್ನೊಂದು, ಸ್ಕ್ರಬ್ ಮಾಡುವುದಿದ್ದರೆ ವ್ಯಾಕ್ಸಿಂಗ್‌ಗೆ ಒಂದು ದಿನ ಮುಂಚೆ. ವ್ಯಾಕ್ಸ್, ಶೇವ್ ಮಾಡಿದ ದಿನವೇ ಉಜ್ಜಿದರೆ ಉರಿ ತಡೆಯಲಾಗಲ್ಲ. ಎರಡು ಮೂರು ದಿನ ಬಿಟ್ಟು ಹಗುರಾಗಿ ಮಾಡಿದರೆ ಕೂದಲು ಒಳಗೇ ಸುರುಳಿ ಸುತ್ತುವುದು ಕಡಿಮೆ.

ಕೋಟೆ ಕೆಳಗಿನವ
ಕಾಫಿ ಪುಡಿ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಎಂಸಿಸಿ ಬಿ ಬ್ಲಾಕ್
ಕಾಫಿ ಪುಡಿ ಕರಗಲ್ಲ. ಬಚ್ಚಲ ಪೈಪು ಕಟ್ಟುತ್ತದೆ, ಟೈಲ್ಸ್ ಸಂದಿಯಲ್ಲಿ ಕೂರುತ್ತದೆ. ಪ್ಲಂಬರ್ ದುಡ್ಡಿಗೆ ಎರಡು ಅಂಗಡಿ ಸ್ಕ್ರಬ್ ಬರುತ್ತಿತ್ತು.

ಮಂಡಿಪೇಟೆ ಸೊಸೆ
ಎಣ್ಣೆಯೂ ಕಟ್ಟುತ್ತದೆ, ಕೊಬ್ಬರಿ ಎಣ್ಣೆ ಚಳಿಗೆ ಪೈಪಿನಲ್ಲೇ ಗಟ್ಟಿ. ಬಿಸಿನೀರು ಬಿಡಿ.

ಹದಡಿ ರಸ್ತೆ ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ಸಣ್ಣ ಸಕ್ಕರೆ, ಕೊಬ್ಬರಿ ಎಣ್ಣೆ ಹಾಕಿ ನಿನ್ನೆ ಮೊಣಕೈಗೆ ಮಾತ್ರ ಹಚ್ಚಿದೆ. ಆಮೇಲೆ ತೇವ ಇರುವಾಗಲೇ ವ್ಯಾಸಲಿನ್. ನಯವಾಗಿದೆ. ಅಮ್ಮ ನೋಡಿ ತನಗೂ ಬೇಕು ಅಂದರು. ಚಿಕ್ಕಮ್ಮ ಬಾಟಲಿ ಮಾಡಿ ಮಾರು, ಇನ್‌ಸ್ಟಾಗ್ರಾಮಿನಲ್ಲಿ ಒಳ್ಳೆ ವ್ಯಾಪಾರ ಆಗುತ್ತದೆ ಅಂತಿದ್ದಾರೆ. ಏನಂತೀರಿ?

ವಿದ್ಯಾನಗರದ ಅಜ್ಜಿ
ಮಾರುವುದಾದರೆ ಕಡಲೆಹಿಟ್ಟಿನ ಪುಡಿ ಮಾರು. ಕಲಸುವ ಅಳತೆ ನಾನು ಹೇಳಿಕೊಡುತ್ತೇನೆ, ಲಾಭದಲ್ಲಿ ಪಾಲು ಕೊಡು.

ಔಷಧಿ ಅಂಗಡಿ
ಮನೆಮಂದಿಗೆ ಮಾಡುವುದು ಬೇರೆ, ಮಾರುವುದು ಬೇರೆ. ಮಾರುವುದಕ್ಕೆ ಅಂತ ತಯಾರಿಸಿದರೆ ಅದು ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು, ರಾಜ್ಯದ ಔಷಧ ನಿಯಂತ್ರಣ ಇಲಾಖೆ ಕೊಡುತ್ತದೆ. ಲೇಬಲ್ ಮೇಲೆ ಏನೇನು ಹಾಕಿದ್ದೀರಿ, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು, ತಯಾರಕರ ವಿಳಾಸ ಎಲ್ಲಾ ಇರಬೇಕು. ಅಡುಗೆಮನೆಯಲ್ಲಿ ಮಾಡಿ ಕೊರಿಯರ್ ಮಾಡುವವರು ಬಹಳ ಇದ್ದಾರೆ, ಯಾರಿಗಾದರೂ ಮೈ ಕೆರೆತ ಬಂದು ದೂರು ಕೊಟ್ಟರೆ ಗೊತ್ತಾಗುತ್ತದೆ.

ಹದಡಿ ರಸ್ತೆ ಹುಡುಗಿ
ಹಾಗಾದರೆ ಮದುವೆಗೆ ಬರುವ ಅತ್ತಿಗೆ ನಾದಿನಿಯರಿಗೆ ಮಾತ್ರ. ಅಜ್ಜಿ, ಅಳತೆ ಕಳಿಸಿ, ಪಾಲು ಹೋಳಿಗೆಯಲ್ಲಿ ಕೊಡುತ್ತೇನೆ.

ಗ್ಯಾರೇಜ್ ಮಾಮ
ಸಕ್ಕರೆ ಬದಲು ಕಲ್ಲುಪ್ಪು ಹಾಕಿದರೆ ಅಗ್ಗ ಅಲ್ವಾ?

ಪಾರ್ಲರ್ ಅಕ್ಕ
ಅಗ್ಗ ಹೌದು. ಕೈಯಲ್ಲಿ ಒಂದು ಸಣ್ಣ ಗಾಯ ಇಟ್ಟುಕೊಂಡು ಒಮ್ಮೆ ಹಾಕಿ ನೋಡಿ ಮಾಮ, ಆಮೇಲೆ ಇಲ್ಲಿ ಬಂದು ಬರೆಯಿರಿ.